ಊರಂಚಿನ ಬಡಾವಣೆಯಲ್ಲಿ ಮಗು ಒಂಟಿಯಾಗಿ ಎಷ್ಟು ದೂರ ಹೋಗಬಹುದು?

ಬೆಂಗಳೂರಿನ ಕೆಂಗೇರಿ ಆಚೆ, ಯಲಹಂಕ ಆಚೆ, ಸರ್ಜಾಪುರ ರಸ್ತೆಯ ಕೊನೆಯಲ್ಲಿ ಮನೆ ಹುಡುಕುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಚದರ ಅಡಿಗೆ ಎಷ್ಟು? ದಾಖಲೆ ಸರಿ ಇರುವ ಎ ಖಾತಾನೋ, ಮಂಜೂರಾತಿ ಇಲ್ಲದ ಜಾಗದ ಬಿ ಖಾತಾನೋ? ಕಾವೇರಿ ನೀರು ಬಂದಿದೆಯಾ, ಬೋರ್‌ವೆಲ್ಲೇ ಗತಿಯಾ? ಮೆಟ್ರೊ ಎಷ್ಟು ದೂರ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಜೀವಮಾನದ ದುಡಿಮೆಯನ್ನು ಒಂದು ಸೈಟಿಗೆ ಹಾಕುವವರು ಇಷ್ಟಾದರೂ ವಿಚಾರಿಸದಿದ್ದರೆ ಹೇಗೆ? ಆದರೆ ಸಂಸಾರ ಹೂಡಲು ಹೊರಟವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಹತ್ತು ವರ್ಷದ ಮಗು ಈ ಮನೆಯಿಂದ ಹೊರಟು ಒಂಟಿಯಾಗಿ ಎಲ್ಲಿಯವರೆಗೆ ನಡೆದು ಹೋಗಿ ಬರಬಹುದು?

ಒಂದು ಬಡಾವಣೆ ಸಂಸಾರಸ್ಥರಿಗೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಕಂಡಿಲ್ಲ. ಮಗು ನಂದಿನಿ ಬೂತಿಗೆ ಹೋಗಿ ಹಾಲು ತರಬಹುದಾದರೆ ರಸ್ತೆ ಸರಿ ಇದೆ ಎಂದರ್ಥ. ಗೆಳೆಯನ ಮನೆಗೆ ಹೋಗಬಹುದಾದರೆ ಅಕ್ಕಪಕ್ಕದವರ ಪರಿಚಯ ಇದೆ ಎಂದರ್ಥ. ಸಂಜೆ ಆಡಿ ಬರಬಹುದಾದರೆ ಹತ್ತಿರದಲ್ಲಿ ಮೈದಾನ ಇದೆ. ಮಗು ನಡೆಯಬಹುದಾದ ದಾರಿಯಲ್ಲಿ ಅಜ್ಜಿಯೂ ನಡೆಯುತ್ತಾರೆ, ಬಸುರಿಯೂ ನಡೆಯುತ್ತಾಳೆ. ಇದ್ಯಾವುದೂ ಆಗದಿದ್ದರೆ ಪ್ರತಿ ಸಣ್ಣ ಕೆಲಸಕ್ಕೂ ಒಂದು ಸ್ಕೂಟರ್ ಬೇಕು, ಅದನ್ನು ಓಡಿಸಲು ಒಬ್ಬ ದೊಡ್ಡವರು ಬೇಕು. ನಮ್ಮ ಹೆಚ್ಚಿನ ಮನೆಗಳಲ್ಲಿ ಆ ದೊಡ್ಡವರು ಯಾರು ಎಂದು ಹೇಳಬೇಕಾಗಿಲ್ಲ. ಟ್ಯೂಷನ್‌ಗೆ ಬಿಡುವುದು, ಈಜಿನ ಕ್ಲಾಸಿನಿಂದ ಕರೆತರುವುದು, ಅತ್ತೆಯನ್ನು ಕ್ಲಿನಿಕ್ಕಿಗೆ ಕರೆದೊಯ್ಯುವುದು, ಎಲ್ಲವೂ ಅಮ್ಮನ ಪಾಲಿಗೆ. ಊರಾಚೆಗೆ ಹೋದಷ್ಟೂ ಈ ಓಡಾಟ ಜಾಸ್ತಿ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು ಕೆಲಸ ಬಿಟ್ಟಿದ್ದು ಮಗುವಿನಿಂದಲ್ಲ, ದೂರದಿಂದ ಎಂದು ನನಗೆ ಅನಿಸುತ್ತದೆ.

ಬೆಂಗಳೂರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಮಲ್ಲೇಶ್ವರ, ಬಸವನಗುಡಿ ಒಂದು ಕಾಲದಲ್ಲಿ ಊರಾಚೆಯ ಬಡಾವಣೆಗಳೇ. 1890ರ ದಶಕದಲ್ಲಿ ಅವು ರೂಪುಗೊಂಡವು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಅಲ್ಲಿಗೆ ಹೋದರು. ಅಗಲ ರಸ್ತೆ, ಗಾಳಿ ಬೆಳಕು, ಮನೆ ಹಿಂದೆ ಜಾಡಮಾಲಿಗಳು ಓಡಾಡಲು ಸಂದಿ, ಎಲ್ಲದರ ಹಿಂದೆ ಆರೋಗ್ಯದ ಯೋಚನೆ ಇತ್ತು. 1948ರ ಆಗಸ್ಟ್‌ನಲ್ಲಿ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದ ಜಯನಗರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಬ್ಲಾಕ್‌ಗಳಾಗಿ ವಿಂಗಡಿಸಿ, ಪಾರ್ಕಿಗೆ, ಶಾಲೆಗೆ, ಅಂಗಡಿಗೆ ಮೊದಲೇ ಜಾಗ ಗುರುತು ಮಾಡಿದರು. ಮನೆ ಕಟ್ಟುವ ಮೊದಲೇ ಮಕ್ಕಳು ಎಲ್ಲಿ ಆಡುತ್ತಾರೆ ಎಂದು ತೀರ್ಮಾನವಾಗಿತ್ತು. ಮುಂದೆ ಎಚ್‌ಎಂಟಿ, ಬಿಇಎಲ್, ಐಟಿಐನಂಥ ಸಾರ್ವಜನಿಕ ಉದ್ದಿಮೆಗಳ ಕಾಲೊನಿಗಳು ಬಂದಾಗಲೂ ಅದೇ ಕ್ರಮ. ಕಾರ್ಖಾನೆ, ಶಾಲೆ, ಆಸ್ಪತ್ರೆ, ಮೈದಾನ ಎಲ್ಲವೂ ಸೈಕಲ್ ದೂರದಲ್ಲಿ.

ಆ ತೀರ್ಮಾನ ಕಾನೂನಿನಲ್ಲೂ ಇದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ 16ನೇ ಕಲಂ ಪ್ರಕಾರ ಪ್ರಾಧಿಕಾರ ಮಾಡುವ ಬಡಾವಣೆಯ ಒಟ್ಟು ಜಾಗದಲ್ಲಿ ಶೇ 15ರಷ್ಟನ್ನು ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕು. ಅದಲ್ಲದೆ ಕನಿಷ್ಠ ಶೇ 10ರಷ್ಟನ್ನು ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಜನ ಇದನ್ನು ಸಿಎ ಸೈಟು ಎನ್ನುತ್ತಾರೆ. ಶಾಲೆ, ಅಂಚೆ ಕಚೇರಿ, ಆಸ್ಪತ್ರೆ, ಗ್ರಂಥಾಲಯಗಳು ಬರಬೇಕಾದದ್ದು ಇಲ್ಲಿ. ಎರಡೂ ಸೇರಿದರೆ ಬಡಾವಣೆಯ ಕಾಲು ಭಾಗ ಎಲ್ಲರದು.

ಈಗ ಇದೇ ಲೆಕ್ಕವನ್ನು ಒಬ್ಬ ರೈತನ ಎರಡು ಎಕರೆ ಜಮೀನಿಗೆ ಹಾಕಿ ನೋಡಿ. ಎರಡು ಎಕರೆ ಎಂದರೆ 87,120 ಚದರ ಅಡಿ. ಕಾಲು ಭಾಗ ಬಿಟ್ಟರೆ 21,780 ಚದರ ಅಡಿ ಹೋಯಿತು. 30 ಅಡಿಗೆ 40 ಅಡಿಯ ಸೈಟಿನ ಲೆಕ್ಕದಲ್ಲಿ ಸುಮಾರು 18 ಸೈಟು. ಯಾರು ಬಿಡುತ್ತಾರೆ? ಹಾಗಾಗಿ ಕನ್ವರ್ಷನ್ (ಕೃಷಿ ಭೂಮಿಯ ಪರಿವರ್ತನೆ) ಇಲ್ಲದೆ, ನಕ್ಷೆಗೆ ಮಂಜೂರಾತಿ ಇಲ್ಲದೆ, 20 ಅಡಿ ರಸ್ತೆ ಎಳೆದು, ಉಳಿದದ್ದನ್ನೆಲ್ಲ ಸೈಟು ಮಾಡಿ ಮಾರುತ್ತಾರೆ. ಇದೇ ರೆವಿನ್ಯೂ ಸೈಟು. ಕೊಳ್ಳುವವರನ್ನು ದೂರಿ ಪ್ರಯೋಜನವಿಲ್ಲ. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು, ಆಟೊ ಓಡಿಸುವವರು, ಶಾಲಾ ಶಿಕ್ಷಕರು, ಇವರ ಕೈಗೆ ಎಟುಕುತ್ತಿದ್ದದ್ದು ಅದೊಂದೇ. ಬಿಡಿಎ ಸೈಟಿಗೆ ಅರ್ಜಿ ಹಾಕಿ ಹಾಕಿ ಸುಸ್ತಾದವರು ಎಷ್ಟು ಜನ! ಸೈಟು ಸಿಕ್ಕವರ ಪಾಡೂ ಸುಖದ್ದಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಲ್ಲೇ ಸೈಟು ಹಂಚಿದರು. ರಸ್ತೆ, ನೀರು, ಒಳಚರಂಡಿಗಾಗಿ ಅಲ್ಲಿನವರು ವರ್ಷಗಟ್ಟಲೆ ಕಾದರು.

ಎರಡು ಎಕರೆಯ ಒಂದು ಲೇಔಟ್‌ನಲ್ಲಿ ಪಾರ್ಕ್ ಇಲ್ಲದಿದ್ದರೆ ದೊಡ್ಡ ನಷ್ಟವೆಂದು ಅನಿಸುವುದಿಲ್ಲ. ಆದರೆ ಪಕ್ಕದಲ್ಲೇ ಇನ್ನೊಂದು, ಅದರಾಚೆ ಮತ್ತೊಂದು. ಅಂಥ ಹತ್ತು ಸೇರಿದರೆ 20 ಎಕರೆ. ಅದೇ ಶೇ 15ರ ಲೆಕ್ಕದಲ್ಲಿ ಅಲ್ಲಿ ಮೂರು ಎಕರೆ ಮೈದಾನ ಇರಬೇಕಿತ್ತು. ಇದ್ದದ್ದು ಸೊನ್ನೆ. ಈಗ ಅಲ್ಲಿ ಸಂಜೆ ಐದಕ್ಕೆ ಮಕ್ಕಳು ಎಲ್ಲಿ ಆಡುತ್ತಾರೆ? ಇನ್ನೂ ಮನೆ ಏಳದ ಖಾಲಿ ಸೈಟಿನಲ್ಲಿ. ಆ ಸೈಟಿಗೂ ಪಾಯ ತೋಡಿದ ದಿನ ಆಟ ಬೀದಿಗೆ ಬರುತ್ತದೆ. ಬೀದಿಯಲ್ಲಿ ಕಾರುಗಳು ನಿಂತಿರುತ್ತವೆ. ಕಾರಿಗೆ ಚೆಂಡು ತಗುಲಿದ ದಿನ ಮನೆ ಮನೆಗೂ ಜಗಳ.

ಸರ್ಕಾರ ಈಗ ಖಾತಾ ಗೊಂದಲವನ್ನು ಬಗೆಹರಿಸಲು ಹೊರಟಿದೆ. ಅಕ್ರಮ ಸೈಟು, ಮನೆಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ‘ಅಕ್ರಮ ಸಕ್ರಮ’ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. 2025ರಲ್ಲಿ ಬೇರೆ ದಾರಿ ಹಿಡಿದು, ಬೆಂಗಳೂರಿನಲ್ಲಿ ಬಿ ಖಾತಾ ಇರುವವರು ಶುಲ್ಕ ಕಟ್ಟಿ ಎ ಖಾತಾ ಮಾಡಿಸಿಕೊಳ್ಳಲು ಅವಕಾಶ ಮಾಡಿಕೊಟ್ಟರು. ಇದರಿಂದ ಬ್ಯಾಂಕ್ ಸಾಲ ಸಿಗುವುದು ಸುಲಭ, ಮನೆ ಮಾರಲು ಕೊಳ್ಳಲು ಸುಲಭ, ಮನಸ್ಸಿಗೂ ನೆಮ್ಮದಿ. ಬೇಡ ಎನ್ನುವವನು ನಾನಲ್ಲ. ಆದರೆ ದುಡ್ಡು ಕಟ್ಟಿದರೆ ಕಾಗದ ಸರಿಹೋಗುತ್ತದೆ, ಜಾಗ ಹುಟ್ಟುವುದಿಲ್ಲ. ಬಿಡದೇ ಹೋದ ಪಾರ್ಕು, ಬಿಡದೇ ಹೋದ ಶಾಲೆಯ ಜಾಗ ಯಾವ ಖಾತಾದಲ್ಲೂ ಬರುವುದಿಲ್ಲ. ಸಕ್ರಮದ ಚರ್ಚೆಯಲ್ಲಿ ಈ ಮಾತು ಬರುವುದೇ ಅಪರೂಪ. ಚರ್ಚೆಯೆಲ್ಲ ಶೇಕಡಾ ಎಷ್ಟು ಶುಲ್ಕ, ಕೊನೆಯ ದಿನ ಯಾವುದು ಎನ್ನುವಲ್ಲೇ ಮುಗಿಯುತ್ತದೆ.

ದುಡ್ಡಿದ್ದವರು ಹುಡುಕಿಕೊಂಡ ಪರಿಹಾರ ಗೇಟು. ಗೇಟಿನೊಳಗೆ ಪಾರ್ಕು, ಈಜುಕೊಳ, ಕ್ಲಬ್‌ಹೌಸು, ಗಂಟೆಗೊಮ್ಮೆ ಸುತ್ತು ಹೊಡೆಯುವ ಸೆಕ್ಯುರಿಟಿ. ಇದನ್ನು ಸುಮ್ನೆ ತೆಗಳುವುದು ನ್ಯಾಯವಲ್ಲ. ಒಳಗೆ ಮಕ್ಕಳು ನಿಜಕ್ಕೂ ಆಡುತ್ತಾರೆ. ರಾತ್ರಿ ಎಂಟರವರೆಗೆ ಸೈಕಲ್ ಹೊಡೆಯುತ್ತಾರೆ. ಒಬ್ಬರ ಮನೆಯಲ್ಲಿ ಊಟ, ಇನ್ನೊಬ್ಬರ ಮನೆಯಲ್ಲಿ ಹೋಂವರ್ಕ್. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಎಲ್ಲರೂ ಸೇರುತ್ತಾರೆ. ಕೆಲಸದಿಂದ ತಡವಾಗಿ ಬರುವ ಅಪ್ಪ ಅಮ್ಮಂದಿರಿಗೆ ಈ ಧೈರ್ಯಕ್ಕಿಂತ ದೊಡ್ಡದು ಬೇರೇನಿದೆ?

ಆದರೆ ಆ ಧೈರ್ಯ ಗೇಟಿನಲ್ಲೇ ನಿಂತುಬಿಡುತ್ತದೆ. ಶಾಲೆ ಗೇಟಿನಾಚೆ. ಔಷಧಿ ಅಂಗಡಿ, ಬಸ್ ಸ್ಟಾಪು ಗೇಟಿನಾಚೆ. ಆಚೆ ಕಾಲಿಟ್ಟರೆ ಫುಟ್‌ಪಾತಿಲ್ಲದ ರಸ್ತೆಯಲ್ಲಿ ಟಿಪ್ಪರ್, ನೀರಿನ ಟ್ಯಾಂಕರ್. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎನ್ನುತ್ತದೆ. ಊರಂಚಿನ ರಸ್ತೆಗಳಲ್ಲಿ ಎಷ್ಟೋ ಕಡೆ 18 ಇಂಚೂ ಇಲ್ಲ. ಹೀಗಾಗಿ ಒಳಗೆ ಅಷ್ಟೊಂದು ಸ್ವತಂತ್ರವಾಗಿ ಬೆಳೆದ ಹುಡುಗಿಗೆ ಹದಿನೈದು ವರ್ಷವಾದರೂ ಬಸ್ಸು ಹತ್ತಿ ಗೊತ್ತಿರುವುದಿಲ್ಲ.

ಗೇಟಿನ ಬಳಿ ಇರುವವರ ಮಕ್ಕಳ ಮಾತೂ ಇದೆ. ವಾಚ್‌ಮನ್‌ ಕುಟುಂಬ ಕಟ್ಟುತ್ತಿರುವ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಬಂದವರು ಇವರಲ್ಲಿ ಬಹಳ. ಆ ಮಗುವಿಗೂ ಹತ್ತು ವರ್ಷ. ಅದು ಆಡುವುದು ಮರಳಿನ ರಾಶಿಯ ಮೇಲೆ. ಗೇಟಿನೊಳಗಿನ ಜಾರುಬಂಡಿ ಅದಕ್ಕೆ ಕಾಣುತ್ತದೆ, ಆದರೆ ಅದರದಲ್ಲ. ಒಂದು ಸಮುದಾಯ ಸಂಸಾರಸ್ಥರದು ಎನ್ನಿಸಿಕೊಳ್ಳಬೇಕಾದರೆ ಅಲ್ಲಿ ದುಡಿಯುವವರ ಸಂಸಾರವೂ ಲೆಕ್ಕಕ್ಕೆ ಬರಬೇಕು. ಈ ಮಾತಲ್ಲಿ ನನಗೆ ರಾಜಿ ಇಲ್ಲ.

ಗೇಟು ಹಾಕಿದ ಎಲ್ಲ ರಸ್ತೆಯೂ ಖಾಸಗಿ ಅಲ್ಲ ಎನ್ನುವುದನ್ನೂ ತಿಳಿದಿರಬೇಕು. ನಕ್ಷೆ ಮಂಜೂರಾತಿಗಾಗಿ ಡೆವಲಪರ್ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಟ್ಟಿದ್ದರೆ ಅವು ಸಾರ್ವಜನಿಕ ರಸ್ತೆಗಳೇ, ನಿವಾಸಿಗಳು ಉಳಿದವರನ್ನು ತಡೆಯುವಂತಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಪಕ್ಕದ ಹಳ್ಳಿಯ ಮಗು ಶಾಲೆಗೆ ಹೋಗಲು ಒಂದು ಕಿಲೋಮೀಟರ್ ಸುತ್ತಬೇಕಾಗಿದ್ದರೆ, ನಡುವೆ ಇರುವ ಗೇಟಿಗೆ ಆ ಹಕ್ಕು ಇದೆಯೇ ಎಂದು ಕೇಳಬಹುದು. ಕೇಳಬೇಕು ಕೂಡ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲೇ 1ರಿಂದ 5ನೇ ತರಗತಿಯ ಶಾಲೆ ಒಂದು ಕಿಲೋಮೀಟರ್ ನಡಿಗೆಯೊಳಗೆ ಇರಬೇಕು ಎಂದಿದೆ. ಅಳತೆ ನಕ್ಷೆಯಲ್ಲಿ ಗೆರೆ ಎಳೆದದ್ದಾಗಿರಬಾರದು, ಮಗುವಿನ ಕಾಲಿನದಾಗಿರಬೇಕು.

ಇಷ್ಟೆಲ್ಲ ಯಾಕೆ ಹೀಗಾಯಿತು ಎಂದರೆ, ಊರಂಚಿನವರ ಮಾತು ಕೇಳುವವರು ಯಾರೂ ಇರಲಿಲ್ಲ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ತೆರಿಗೆ ಅಂದಿನಿಂದಲೇ ನಗರದ್ದು. ನೀರು? ಆ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ, ಸಣ್ಣದೇನಲ್ಲ. ಆದರೆ ನಡುವೆ 17 ವರ್ಷ ಕಳೆದಿತ್ತು. 2007ರಲ್ಲಿ ಹುಟ್ಟಿದ ಮಗು ಪಿಯುಸಿ ಓದುವ ಹೊತ್ತಿಗೆ ನೀರು ಬಂತು. ಅದೇ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿಗೆ ಒಂದು ಸಾವಿರ ರೂಪಾಯಿ. ಮನೆಯಲ್ಲಿ ಬಾಣಂತಿ, ಕೂಸು ಇರುವವರು ಆ ಬೇಸಿಗೆ ಹೇಗೆ ಕಳೆದರು ಎಂದು ಅವರನ್ನೇ ಕೇಳಬೇಕು.

ಬಿಬಿಎಂಪಿಯ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದಾಗಲೂ ಕಾರ್ಪೊರೇಟರ್‌ಗಳಿರಲಿಲ್ಲ. ಐದು ವರ್ಷ ಒಂದು ಬೀದಿದೀಪ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕು ಎಂದು ಜನರಿಗೆ ಗೊತ್ತಿರಲಿಲ್ಲ. ಕಾರ್ಪೊರೇಟರ್ ಎಂದರೆ ನಮ್ಮಲ್ಲಿ ಅಷ್ಟೇನೂ ಗೌರವ ಇಲ್ಲ, ನಿಜ. ಆದರೆ ಬೈಯಲಿಕ್ಕಾದರೂ ಒಬ್ಬರು ಬೇಕಲ್ವಾ? ಆ್ಯಪಿನಲ್ಲಿ ದೂರು ಹಾಕಿದರೆ ಎರಡು ದಿನಕ್ಕೆ ‘ಪರಿಹರಿಸಲಾಗಿದೆ’ ಎಂದು ಬರುತ್ತದೆ, ದೀಪ ಮಾತ್ರ ಹತ್ತಿರುವುದಿಲ್ಲ. ದೀಪ ಹತ್ತದ ಬೀದಿಯಲ್ಲಿ ಮಗು ಹೊರಗೆ ಹೋಗುವುದಿಲ್ಲ.

ಇದ್ದ ಪಾರ್ಕುಗಳ ಕಥೆಯನ್ನೂ ಹೇಳಬೇಕು. ಎಷ್ಟೋ ಬಡಾವಣೆಗಳಲ್ಲಿ ಬೇಲಿ, ಕಾರಂಜಿ, ನಡಿಗೆದಾರಿ ಎಲ್ಲ ಇವೆ, ಬೀಗವೂ ಇದೆ. ಬೆಳಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದು ಮಧ್ಯಾಹ್ನವೆಲ್ಲ ಮುಚ್ಚುವ ಪದ್ಧತಿ ವರ್ಷಗಟ್ಟಲೆ ನಡೆಯಿತು. 2024ರಲ್ಲಿ ಬಿಬಿಎಂಪಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶ ಮಾಡಿತು. ಒಳ್ಳೆಯ ಆದೇಶ. ಆದರೆ ಒಳಗೆ ಹೋದರೆ ‘ಚೆಂಡಾಟ ನಿಷೇಧ’, ‘ಸೈಕಲ್ ನಿಷೇಧ’, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಬೋರ್ಡುಗಳು. ವಾಕಿಂಗ್ ಮಾಡುವ ಹಿರಿಯರಿಗೆ ಚೆಂಡಿನ ಭಯ ಇರುವುದು ಸಹಜ. ಅವರಿಗೂ ಜಾಗ ಬೇಕು. ಹಾಸನದಿಂದಲೋ ದಾವಣಗೆರೆಯಿಂದಲೋ ಮೊಮ್ಮಗುವನ್ನು ನೋಡಿಕೊಳ್ಳಲು ಬಂದ ಅಜ್ಜ ಅಜ್ಜಿಗೆ, ಕನ್ನಡದಲ್ಲಿ ಎರಡು ಮಾತಾಡಲು ಜನ ಸಿಗುವುದು ಪಾರ್ಕಿನ ಬೆಂಚಿನಲ್ಲೇ. ಆದರೆ ಮೂಲೆಯ ಒಂದು ತುಂಡು ಜಾಗವನ್ನು, ಹುಲ್ಲು ಹೋಗಿ ಮಣ್ಣಾದರೂ ಚಿಂತೆಯಿಲ್ಲ ಎಂದು ಮಕ್ಕಳಿಗೆ ಬಿಟ್ಟುಕೊಡಲು ಏನು ಅಡ್ಡಿ? ಇದಕ್ಕೆ ಸರ್ಕಾರದ ದುಡ್ಡು ಬೇಡ. ಅಸೋಸಿಯೇಷನ್ ಒಂದು ಸಂಜೆ ಕೂತು ಮಾತಾಡಿದರೆ ಆಗುವ ಕೆಲಸ.

ಸಾರಿಗೆಯ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಮೆಟ್ರೊ ಬಗ್ಗೆ ಎಲ್ಲರೂ ಬರೆಯುತ್ತಾರೆ. 2021ರಲ್ಲಿ ಕೆಂಗೇರಿಗೆ, 2024ರಲ್ಲಿ ಮಾದಾವರಕ್ಕೆ, 2025ರಲ್ಲಿ ಬೊಮ್ಮಸಂದ್ರಕ್ಕೆ ರೈಲು ಬಂತು. 148 ಕಿಲೋಮೀಟರ್‌ನ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು, 40 ತಿಂಗಳಲ್ಲಿ ಮುಗಿಯುತ್ತದೆ ಎಂದರು, ಆಗಲಿಲ್ಲ. ಆದರೆ ಸಂಸಾರದ ಓಡಾಟಕ್ಕೆ ಇವಕ್ಕಿಂತ ಮುಖ್ಯವಾದದ್ದು ಲೇಔಟಿನೊಳಗೆ ಬರುವ ಸಣ್ಣ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಬಸ್ಸೇ ಬರದ ಬಡಾವಣೆಯಲ್ಲಿ ಉಚಿತ ಟಿಕೆಟ್‌ನಿಂದ ಏನು ಉಪಯೋಗ? ಮೇನ್ ರೋಡಿಗೆ ಹೋಗಲು ಆಟೊಗೆ ಕೊಡುವ ದುಡ್ಡೇ ಬಸ್ ಚಾರ್ಜಿಗಿಂತ ಜಾಸ್ತಿ.

ಜನ ಗಟ್ಟಿಯಾಗಿ ನಿಂತ ಕಡೆ ಏನಾಗಿದೆ ಎನ್ನುವುದಕ್ಕೆ ಎರಡು ಉದಾಹರಣೆ ಇವೆ. ಒಂದು ಹಳೆಯದು, ಅದನ್ನು ಪ್ರತಿ ಬಡಾವಣೆಯವರೂ ತಿಳಿದಿರಬೇಕು. ಸದಾಶಿವನಗರದ ಭಾಗದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು, ಮುಖ್ಯಮಂತ್ರಿಯ ಸೂಚನೆಯಂತೆ ಬಿಡಿಎ ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿತು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಬಿಡಲಿಲ್ಲ, ವಿಭಾಗೀಯ ಪೀಠಕ್ಕೆ ಹೋಗಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಪಾರ್ಕು ಎಂದರೆ ಖಾಲಿ ಬಿದ್ದ ಜಾಗವಲ್ಲ, ಅದು ಊರವರ ಆರೋಗ್ಯಕ್ಕೆ ಮೀಸಲಾದದ್ದು. ಅದನ್ನು ಯಾರೂ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಅಕ್ಕಪಕ್ಕದಲ್ಲಿ ವಾಸಿಸುವವರಿಗೆ ಇದೆ. ಇದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ. ದೇಶದ ಬೇರೆ ಕಡೆ ಪಾರ್ಕು ಉಳಿಸಲು ಹೋರಾಡುವವರೂ ಇವತ್ತಿಗೂ ಇದನ್ನು ಮುಂದಿಡುತ್ತಾರೆ. ನಮ್ಮ ಊರಿನ ಒಂದು ಬಡಾವಣೆಯ ಜನ ದೇಶಕ್ಕೆ ಕೊಟ್ಟದ್ದು ಇದು.

ಇನ್ನೊಂದು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ. ಸುಮಾರು 48 ಎಕರೆಯ ಕೆರೆ, ಕೊಳಚೆ ಸೇರಿ ಹಾಳಾಗಿತ್ತು. ಸುತ್ತಲಿನ ಅಪಾರ್ಟ್‌ಮೆಂಟಿನವರು, ಹಳ್ಳಿಯವರು, ಪರಿಸರ ತಿಳಿದವರು ಬಿಬಿಎಂಪಿ ಜತೆ ಕೂತು ಯೋಜನೆ ಮಾಡಿದರು. ಸುಮಾರು 2011ರ ಹೊತ್ತಿಗೆ ಕೆರೆಗೆ ಮತ್ತೆ ಜೀವ ಬಂತು. ಕೆರೆಯ ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆ. ಈಗ ಏರಿಯ ಮೇಲೆ ಐಟಿಯವರೂ ನಡೆಯುತ್ತಾರೆ, ಶಾಲೆಯ ಮಕ್ಕಳೂ ಓಡುತ್ತಾರೆ. ಕೆರೆ ಯಾರ ಗೇಟಿನೊಳಗೂ ಇಲ್ಲದ್ದರಿಂದಲೇ ಇದು ಸಾಧ್ಯವಾಯಿತು. ಊರಂಚಿನ ಹೊಸ ಬಡಾವಣೆಗಳ ನಡುವೆ ಇಂಥ ಹಳೆಯ ಹಳ್ಳಿಗಳು ಇನ್ನೂ ಉಳಿದಿವೆ. ಅರಳಿಕಟ್ಟೆ, ಗುಂಡುತೋಪು, ದೇವಸ್ಥಾನದ ಮುಂದಿನ ಬಯಲು, ಜಾತ್ರೆ ನಡೆಯುವ ಜಾಗ. ಮಕ್ಕಳಿಗೆ ಬೇಕಾದ ಬಯಲನ್ನು ಹೊಸಬರು ಹುಡುಕಬೇಕಾದದ್ದು ಇಲ್ಲಿ. ಹಳ್ಳಿಯವರ ಜತೆ ಮಾತಿಲ್ಲ ಕಥೆಯಿಲ್ಲ ಎಂದು ಬದುಕಿದರೆ ಅದೂ ಸಿಗುವುದಿಲ್ಲ. ಗುಂಡುತೋಪು ಒತ್ತುವರಿಯಾದಾಗ ಒಟ್ಟಿಗೆ ನಿಲ್ಲಲೂ ಆಗುವುದಿಲ್ಲ.

ಬಡಾವಣೆಗೂ ವಯಸ್ಸಾಗುತ್ತದೆ ಎನ್ನುವುದನ್ನು ಮರೆಯುತ್ತೇವೆ. ಒಂದೇ ವಯಸ್ಸಿನವರು ಒಂದೇ ಸಲ ಬಂದು ಮನೆ ಕಟ್ಟುತ್ತಾರೆ. ಹತ್ತು ವರ್ಷ ಬೀದಿ ತುಂಬ ಮಕ್ಕಳು. ಮೂವತ್ತು ವರ್ಷಕ್ಕೆ ಮಕ್ಕಳು ಅಮೆರಿಕದಲ್ಲೋ ಪುಣೆಯಲ್ಲೋ, ಮೂರು ರೂಮಿನ ಮನೆಯಲ್ಲಿ ಇಬ್ಬರೇ ಹಿರಿಯರು. ಸಾರ್ವಜನಿಕ ಉದ್ದಿಮೆಗಳ ನೌಕರರು ಸೊಸೈಟಿ ಮಾಡಿಕೊಂಡು ಕಟ್ಟಿದ ಬಡಾವಣೆಗಳಲ್ಲಿ ಇದು ಈಗ ಕಣ್ಣಿಗೆ ಕಾಣುತ್ತಿದೆ. ಬಾಡಿಗೆಗೆ ಸಣ್ಣ ಮನೆ, ದೊಡ್ಡ ಮನೆ ಎರಡೂ ಇರುವ ಕಡೆ ಹೊಸ ಸಂಸಾರಗಳು ಬರುತ್ತಲೇ ಇರುತ್ತವೆ, ಬೀದಿ ಖಾಲಿಯಾಗುವುದಿಲ್ಲ. ಎಲ್ಲವೂ ಕೋಟಿ ಬೆಲೆಯ ವಿಲ್ಲಾಗಳೇ ಆದರೆ ಯುವ ದಂಪತಿಗಳಿಗೆ ಅಲ್ಲಿ ಜಾಗವಿಲ್ಲ.

ಹಾಗಾಗಿ ಸೈಟು ನೋಡಲು ಹೋದವರು ಬ್ರೋಕರ್ ಕೊಡುವ ಬಣ್ಣದ ನಕ್ಷೆ ನಂಬಬಾರದು. ಮಂಜೂರಾದ ನಕ್ಷೆ ಕೇಳಿ. ಪಾರ್ಕು, ರಸ್ತೆ, ಸಿಎ ಸೈಟುಗಳನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬರೆದುಕೊಟ್ಟ ಪತ್ರ ಇದೆಯೇ ನೋಡಿ. ಸಂಜೆ ಐದೂವರೆಗೆ ಒಮ್ಮೆ ಹೋಗಿ, ಬೀದಿಯಲ್ಲಿ ಮಕ್ಕಳು ಕಾಣುತ್ತಾರಾ ನೋಡಿ. ಆಗಲೇ ಅಲ್ಲಿ ವಾಸವಿರುವವರು ಸಿಎ ಸೈಟು ಯಾರಿಗೆ ಗುತ್ತಿಗೆಯಾಗಿದೆ, ಯಾವ ಕೆಲಸಕ್ಕೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಮಾರಿಹೋದ ರೆವಿನ್ಯೂ ಲೇಔಟ್‌ಗಳಿಗೆ ಮಾತ್ರ ಇದ್ಯಾವುದೂ ಸಾಲದು. ಅಲ್ಲಿ ಜಾಗವನ್ನು ಕೊಳ್ಳಲೇಬೇಕು. ಎ ಖಾತಾ ಶುಲ್ಕ ಯಾವ ಲೇಔಟಿನಿಂದ ಬಂದಿದೆಯೋ ಅದರಲ್ಲಿ ಒಂದು ಪಾಲನ್ನು ಆ ಲೇಔಟಿನಲ್ಲೇ, ಇಲ್ಲವೇ ನಡೆದು ಹೋಗುವಷ್ಟು ಹತ್ತಿರದಲ್ಲಿ, ಖಾಲಿ ಸೈಟು ಕೊಂಡು ಮೈದಾನ ಮಾಡಲು ಎತ್ತಿಡಬೇಕು. ಅಕ್ಕಪಕ್ಕದ ಆರು ಸೈಟು ಸಿಕ್ಕರೆ 7,200 ಚದರ ಅಡಿ. ಕ್ರಿಕೆಟ್ಟಿಗೆ ಸಾಲದು, ಕಬಡ್ಡಿಗೆ, ಶಟಲ್‌ಗೆ, ಉಯ್ಯಾಲೆಗೆ, ಎರಡು ಬೆಂಚಿಗೆ ಸಾಕು. ಖಾಲಿ ಸೈಟುಗಳು ಇನ್ನೂ ಇರುವಾಗಲೇ ಐದೂ ಪಾಲಿಕೆಗಳು ಇದನ್ನು ತಮ್ಮ ಬಜೆಟ್‌ನಲ್ಲಿ ಸೇರಿಸಬೇಕು. ಪ್ರತಿ ವರ್ಷ ತಡವಾದಷ್ಟೂ ಇನ್ನೊಂದಷ್ಟು ಪಾಯ ಏಳುತ್ತವೆ, ಅಡಿಯ ದರ ಏರುತ್ತದೆ.